"ಲಾಯ್ಕ ಉಂಟು" ಎಂದರೆ ಸಾಲದು: ಒಬ್ಬರ ಚಿತ್ರದ ಬಗ್ಗೆ ಇನ್ನೊಬ್ಬರು ಹೇಳುವುದು ಹೇಗೆ?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮ ಊರಿನ ವಾಚನಾಲಯದಲ್ಲಿ ಫೋಟೊ ತೆಗೆಯುವ ಹವ್ಯಾಸದ ಹನ್ನೊಂದು ಮಂದಿ ತಿಂಗಳಿಗೊಂದು ಆದಿತ್ಯವಾರ ಸೇರುತ್ತೇವೆ. ಮೂವರ ಹತ್ತಿರ ಕ್ಯಾಮೆರಾ, ಉಳಿದವರಲ್ಲಿ ಮೊಬೈಲು. ಯಕ್ಷಗಾನ, ತೆಯ್ಯಂ (ದೈವದ ಕೋಲ), ತೋಟ, ಬೇಕಲ ಕೋಟೆ ಇವೇ ನಮ್ಮ ವಿಷಯಗಳು. ಒಬ್ಬರ ಚಿತ್ರದ ಬಗ್ಗೆ ಇನ್ನೊಬ್ಬರು ಅಭಿಪ್ರಾಯ ಹೇಳುವ ಕ್ರಮ ಶುರು ಮಾಡಿದೆವು. ಅರ್ಧ ಜನ "ಸೂಪರ್" ಎಂದು ಸುಮ್ಮನಾಗುತ್ತಾರೆ, ಇನ್ನರ್ಧ ಜನ ತಪ್ಪು ಹುಡುಕಲಿಕ್ಕೇ ಕೂರುತ್ತಾರೆ. ಕಳೆದ ಸಲ ಒಬ್ಬ ಹುಡುಗ, ಅಪ್ಪ ಅಂಗಳದಲ್ಲಿ ಅಡಿಕೆ ಹರಡುತ್ತಿರುವ ಚಿತ್ರ ತಂದಿದ್ದ. "ಏನೋ ಕಮ್ಮಿ", "ಜೀವ ಇಲ್ಲ" ಎಂದರು. ಅವನು ಮತ್ತೆ ಬರಲಿಲ್ಲ. ಅವನ ಒಪ್ಪಿಗೆ ಪಡೆದು ಆ ಚಿತ್ರವನ್ನೂ ಕಳಿಸಿದ್ದೇನೆ. ಮನಸ್ಸು ಮುರಿಯದೆ, ಉಪಯೋಗವೂ ಆಗುವ ಹಾಗೆ ಹೇಳುವುದು ಹೇಗೆ? ಕೇಳಿಸಿಕೊಳ್ಳುವವರು ಏನು ಮಾಡಬೇಕು?

ಉತ್ತರ: ಮಾತು ಖಾರವಾಯಿತು ಎಂಬುದಕ್ಕಿಂತ, ಆ ಮಾತಿನಿಂದ ಹುಡುಗನಿಗೆ ಏನೂ ಮಾಡಲಾಗದು ಎಂಬುದೇ ಇಲ್ಲಿಯ ದೊಡ್ಡ ತೊಂದರೆ. "ಏನೋ ಕಮ್ಮಿ" ಎಂಬುದನ್ನು ಮನೆಗೆ ಕೊಂಡುಹೋಗಿ ಅವನು ಏನು ಮಾಡಬೇಕು? ಯಾವುದು ಕಮ್ಮಿ, ಚಿತ್ರದಲ್ಲಿ ಎಲ್ಲಿ ಕಮ್ಮಿ, ನಾಳೆ ಅದೇ ಅಂಗಳದಲ್ಲಿ ನಿಂತಾಗ ಏನನ್ನು ಬದಲಿಸಬೇಕು, ಇದಾವುದೂ ಆ ಮಾತಿನಲ್ಲಿಲ್ಲ. "ಸೂಪರ್" ಕೂಡ ಅದೇ ಜಾತಿಯದು. ಹೊಗಳುವ ಪದಗಳಿಗೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಬರಗಾಲವಿಲ್ಲ. "ಲಾಯ್ಕ ಉಂಟು" ಎನ್ನಬಹುದು, ತುಳುವಿನಲ್ಲಿ "ಪೊರ್ಲುಂಡು", ಮಲಯಾಳದಲ್ಲಿ "ಅಡಿಪೊಳಿ", ಹವ್ಯಕರಾದರೆ "ಲಾಯಿಕ ಆಯಿದು". ನಾಲ್ಕೂ ಹೇಳುವುದು ನೋಡಿದವರಿಗೆ ಖುಷಿಯಾಯಿತು ಎಂಬುದನ್ನು ಮಾತ್ರ. ಯಾಕೆ ಖುಷಿಯಾಯಿತು ಎಂದು ಗೊತ್ತಾಗದಿದ್ದರೆ ಆ ಖುಷಿಯನ್ನು ಮುಂದಿನ ಚಿತ್ರದಲ್ಲಿ ಮತ್ತೆ ತರುವುದು ಹೇಗೆ?

ಚಿತ್ರದ ಬಗ್ಗೆ ಆಡುವ ಮಾತಿನಲ್ಲಿ ಮೂರು ಸಂಗತಿ ಇರಲೇಬೇಕು. ಚೌಕಟ್ಟಿನಲ್ಲಿ ಎಲ್ಲಿ? ಅದು ಹಾಗಾದದ್ದು ಯಾವ ಕಾರಣದಿಂದ? ಮುಂದಿನ ಸಲ ಕೈಯಿಂದಲೋ ಕಾಲಿನಿಂದಲೋ ಏನು ಮಾಡಿದರೆ ಬದಲಾಗುತ್ತದೆ? ಎರಡನೆಯದೂ ಮೂರನೆಯದೂ ಗೊತ್ತಿಲ್ಲದಿದ್ದರೆ "ಇಲ್ಲಿ ನನ್ನ ಕಣ್ಣು ತೊಡರುತ್ತದೆ, ಯಾಕೆಂದು ತಿಳಿಯುತ್ತಿಲ್ಲ" ಎಂದು ಪ್ರಾಮಾಣಿಕವಾಗಿ ಹೇಳಿ. ಅಲ್ಲಿಂದ ಇನ್ನೊಬ್ಬರು ಮುಂದುವರಿಸಬಹುದು. ಮೊದಲನೆಯದೇ ಗೊತ್ತಿಲ್ಲದಿದ್ದರೆ ಮಾತಾಡಬಾರದು.

ಈಗ ಆ ಹುಡುಗನ ಚಿತ್ರವನ್ನೇ ಎತ್ತಿಕೊಳ್ಳೋಣ. ಅಪ್ಪ ಬಗ್ಗಿ ಎರಡೂ ಕೈಯಿಂದ ಅಡಿಕೆ ಹರಡುತ್ತಿದ್ದಾರೆ. ಕೈಯಿಂದ ಜಾರುತ್ತಿರುವ ಐದಾರು ಅಡಿಕೆಗಳು ಗಾಳಿಯಲ್ಲಿ ಸ್ಪಷ್ಟವಾಗಿ ನಿಂತಿವೆ. ಚಿತ್ರದ ಅತ್ಯುತ್ತಮ ಭಾಗ ಇದು, ಮೊದಲು ಹೇಳಬೇಕಾದ್ದೂ ಇದನ್ನೇ. ಶಟರ್ ವೇಗ (ಕ್ಯಾಮೆರಾ ಬೆಳಕನ್ನು ಒಳಬಿಡುವ ಹೊತ್ತು) ಮತ್ತು ಒತ್ತಿದ ಗಳಿಗೆ ಎರಡೂ ಸರಿಯಾಗಿದ್ದರಿಂದ ಕೆಲಸದ ಚಲನೆ ಸಿಕ್ಕಿದೆ, ಇದನ್ನು ಬಿಡಬೇಡ ಎಂದು ಅವನಿಗೆ ತಿಳಿಸಬೇಕಿತ್ತು. "ಜೀವ ಇಲ್ಲ" ಎಂದವರು ಬಹುಶಃ ಮುಖವನ್ನು ನೋಡಿ ಹಾಗೆಂದಿರಬೇಕು. ಮುಟ್ಟಾಳೆಯ (ಅಡಿಕೆ ಹಾಳೆಯ ಟೊಪ್ಪಿಯ) ಅಡಿಯಲ್ಲಿ ಹಣೆಯಿಂದ ಮೂಗಿನ ತುದಿಯವರೆಗೆ ಕಪ್ಪಾಗಿ, ಕಣ್ಣು ಕಾಣುವುದೇ ಇಲ್ಲ. ನೆರಳು ಕಾಲಬುಡದಲ್ಲೇ ಇದೆ, ಎಂದರೆ ಚಿತ್ರ ತೆಗೆದದ್ದು ನಡುಹಗಲಲ್ಲಿ. ನೆತ್ತಿಯ ಮೇಲಿನ ಬಿಸಿಲು ಟೊಪ್ಪಿಯ ಅಂಚನ್ನು ದಾಟಿ ಮುಖಕ್ಕೆ ಇಳಿಯುವುದಿಲ್ಲ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ನಾಲ್ಕೂವರೆಯ ನಂತರ ಬೆಳಕು ಓರೆಯಾಗಿ ಬರುವುದರಿಂದ ಅಂಚಿನ ಅಡಿಯಿಂದಲೇ ಒಳಗೆ ಹೋಗುತ್ತದೆ. ಪ್ರತಿ ಅಡಿಕೆಗೂ ಒಂದು ಪಕ್ಕ ನೆರಳು ಬಿದ್ದು ಅದರ ಉರುಟು ಆಕಾರವೂ ಎದ್ದು ಕಾಣುತ್ತದೆ.

ಎರಡನೆಯದು, ತಲೆಯ ಹಿಂದಿನ ವಿದ್ಯುತ್ ಕಂಬ. ಮುಟ್ಟಾಳೆಯಿಂದಲೇ ಮೊಳೆತ ಹಾಗೆ ನಿಂತಿದೆ. ತೆಗೆದವನು ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ ಕಂಬ ತಲೆಯಿಂದ ಬಿಡಿಸಿಕೊಂಡು ದೂರ ನಿಲ್ಲುತ್ತಿತ್ತು. ಅಂಗಳದ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು, ಕ್ಯಾಮೆರಾವನ್ನು ಅಪ್ಪನ ಮೊಣಕಾಲಿನ ಎತ್ತರಕ್ಕೆ ಇಳಿಸಿದ್ದರೆ ಇನ್ನೂ ಒಳ್ಳೆಯದಿತ್ತು. ನಿಂತು ನೋಡಿದಾಗ ಚಪ್ಪಟೆಯಾಗಿ ಹಾಸಿದಂತಿರುವ ಅಡಿಕೆ, ಕೂತಾಗ ಮುಂದಿನದು ದೊಡ್ಡದಾಗಿ ಹಿಂದಿನದು ಚಿಕ್ಕದಾಗಿ ದೂರದವರೆಗೆ ಹರಡಿಕೊಳ್ಳುತ್ತದೆ. ಮೂರನೆಯದು, ಹೆಗಲಿನ ಬಿಳಿ ಬೈರಾಸು (ಟವೆಲು) ಚಿತ್ರದಲ್ಲಿ ಎಳೆ ಕಾಣದಷ್ಟು ಬೆಳ್ಳಗಾಗಿದೆ. ಮೊಬೈಲಿನಲ್ಲಾದರೆ ಬೈರಾಸಿನ ಮೇಲೆ ಬೆರಳಿಟ್ಟು, ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಕ್ಕೆ ಎಳೆದರೆ ಸಾಕು. ಕ್ಯಾಮೆರಾದಲ್ಲಾದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಬೆಳಕಿನ ಹೆಚ್ಚುಕಮ್ಮಿ) ಮೈನಸ್ 0.7.

ಆದರೆ ಈ ಮೂರನ್ನೂ ಒಟ್ಟಿಗೆ ಆ ಹುಡುಗನ ಮುಂದೆ ಸುರಿಯಬಾರದು. ಹೊಸಬರಿಗೆ ಒಂದು ಸಲಕ್ಕೆ ಒಂದೇ. ಇಲ್ಲಿ ನನ್ನ ಆಯ್ಕೆ ಬೆಳಕಿನ ಹೊತ್ತು. ಅದೊಂದು ಬದಲಾದರೆ ಮುಖವೂ ಬೈರಾಸೂ ಅರ್ಧದಷ್ಟು ತಾವಾಗಿಯೇ ಸರಿಯಾಗುತ್ತವೆ. ಕಂಬದ ಮಾತನ್ನು ಮುಂದಿನ ತಿಂಗಳಿಗಿಡಿ.

ಯಾವ ದೋಷವನ್ನು ಮೊದಲು ಹೇಳಬೇಕೆಂದು ತಿಳಿಯಲು ಒಂದು ವಿಂಗಡಣೆ ನೆರವಾಗುತ್ತದೆ. ಕೆಲವು ದೋಷ ತೆಗೆದ ಮೇಲೂ ರಿಪೇರಿಯಾಗುತ್ತವೆ: ಓರೆಯಾದ ದಿಗಂತ, ಸ್ವಲ್ಪ ಕತ್ತಲೆ, ಅಂಚಿನಲ್ಲಿ ಇಣುಕುವ ಕೈ, ಬಣ್ಣದ ಹಳದಿ. ಇವನ್ನು ಎರಡು ಮಾತಲ್ಲಿ ಮುಗಿಸಿ. ಕೆಲವು ನಿಂತ ಜಾಗದ್ದು. ಕಂಬ, ಹಿನ್ನೆಲೆ, ಎತ್ತರ, ದೂರ ಇವು ಮನೆಗೆ ಬಂದ ಮೇಲೆ ಸರಿಯಾಗುವುದಿಲ್ಲ, ಮುಂದಿನ ಸಲ ಸರಿಯಾಗುತ್ತವೆ. ನಿಮ್ಮ ಹೆಚ್ಚಿನ ಸಮಯ ಇಲ್ಲಿ ಹೋಗಲಿ. ಉಳಿದವು ಮತ್ತೆ ಬಾರದ ಗಳಿಗೆಯವು. ಮದುವೆಯಲ್ಲಿ ಧಾರೆ ಎರೆಯುವಾಗ ಅಜ್ಜಿ ಕಣ್ಣು ಮುಚ್ಚಿದ್ದರೆ "ಕಣ್ಣು ತೆರೆದಿರಬೇಕಿತ್ತು" ಎಂದು ಹೇಳಿ ಯಾರಿಗೂ ಪ್ರಯೋಜನವಿಲ್ಲ. ಅಂಥ ಹೊತ್ತಿನಲ್ಲಿ ಒಂದರ ಬದಲು ನಾಲ್ಕೈದು ಸಲ ಒತ್ತಬೇಕು ಎಂಬುದಷ್ಟೇ ಕೆಲಸಕ್ಕೆ ಬರುವ ಮಾತು.

ಕ್ರಾಪ್ ಮಾಡಿ ಎಂದು ಸಲಹೆ ಕೊಡುವವರು ಲೆಕ್ಕವನ್ನೂ ಹೇಳಬೇಕು. ಅಗಲದಲ್ಲಿ ಅರ್ಧ, ಎತ್ತರದಲ್ಲಿ ಅರ್ಧ ಕತ್ತರಿಸಿದರೆ ಉಳಿಯುವುದು ಕಾಲು ಭಾಗ. 12 ಮೆಗಾಪಿಕ್ಸೆಲ್ ಚಿತ್ರ 3ಕ್ಕೆ ಇಳಿಯುತ್ತದೆ. 4×6 ಇಂಚಿನ ಪ್ರಿಂಟಿಗೆ ಅದು ಧಾರಾಳ, 8×12ಕ್ಕೆ ಸಾಲದು. ಸಾಧಾರಣ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 8×12ಕ್ಕೆ 2400×3600 ಪಿಕ್ಸೆಲ್ ಬೇಕು.

ಎಲ್ಲ ಕೂಟಗಳಲ್ಲೂ ಅತಿ ಹೆಚ್ಚು ಕೇಳಿಬರುವ, ಅತಿ ಕಡಿಮೆ ಉಪಯೋಗದ ಮಾತೆಂದರೆ "ಶಾರ್ಪ್ ಇಲ್ಲ". ಮಂಕಾಗಲು ಕಾರಣಗಳು ಬೇರೆ ಬೇರೆ, ಮದ್ದೂ ಬೇರೆ ಬೇರೆ. ಚಿತ್ರವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ಮೂರು ಕಡೆ ನೋಡಿ. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ, ದೀಪದ ಚುಕ್ಕಿಗಳು ಸಣ್ಣ ಗೆರೆಗಳಾಗಿದ್ದರೆ, ಕೈ ಅಲುಗಿದೆ. ಲೆನ್ಸಿನ ಫೋಕಲ್ ಲೆಂತ್ (ದೂರದ್ದನ್ನು ಹತ್ತಿರ ತರುವ ಅಳತೆ) 200 ಮಿ.ಮೀ. ಇದ್ದರೆ ಶಟರ್ 1/200 ಸೆಕೆಂಡಿಗಿಂತ ನಿಧಾನ ಬೇಡ, ಸಣ್ಣ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾದಲ್ಲಿ ಸುಮಾರು 1/300 ಇರಲಿ. ಹಿನ್ನೆಲೆಯ ಪರದೆ ಚೊಕ್ಕವಾಗಿದ್ದು ವೇಷಧಾರಿಯ ಕೈ ಮಾತ್ರ ಕದಡಿದ್ದರೆ ಅಲುಗಿದ್ದು ಅವರು. ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇದೆ ಎಂಬ ಧೈರ್ಯ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಅದು ನಮ್ಮ ಕೈನಡುಕವನ್ನು ತಡೆಯುತ್ತದೆ, ಎದುರಿನವರ ಕುಣಿತವನ್ನಲ್ಲ. ಮುಖ ಮಂಕಾಗಿದ್ದು ಹಿಂದಿನ ಚೆಂಡೆಯ ಹಗ್ಗ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿ ಹಿಂದಕ್ಕೆ ಹೋಗಿದೆ. ಇವು ಯಾವುದೂ ಅಲ್ಲ, ಚಿತ್ರವಿಡೀ ಹಾಲು ಚೆಲ್ಲಿದ ಹಾಗೆ ಮಸುಕು, ದೀಪದ ಸುತ್ತ ಗೆರೆಗೆರೆ ಪ್ರಭೆ ಎಂದಾದರೆ ಮೊಬೈಲಿನ ಗಾಜಿನ ಮೇಲೆ ಬೆರಳಿನ ಎಣ್ಣೆ ಕೂತಿದೆ, ಹತ್ತಿಬಟ್ಟೆಯಿಂದ ಒರೆಸಿದರೆ ಮುಗಿಯಿತು. ಕಡಲ ಕಿನಾರೆಯಲ್ಲಿ ಉಪ್ಪಿನ ಸಿಂಪಡಿಕೆಯಿಂದಲೂ ಹೀಗಾಗುತ್ತದೆ. ಆಗ ಮಾತ್ರ ಒಣಬಟ್ಟೆಯಲ್ಲಿ ತಿಕ್ಕಬೇಡಿ. ಹರಳು ಗಾಜಿನ ಮೇಲಿನ ಲೇಪವನ್ನು ಗೀರಬಹುದು, ಮೊದಲು ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ.

ಒಂದು ಎಚ್ಚರಿಕೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದ ಚಿತ್ರ ಕುಗ್ಗಿರುತ್ತದೆ. ಅದನ್ನು ಹಿಗ್ಗಿಸಿ ನೋಡಿ ಶಾರ್ಪ್ ಇಲ್ಲ ಎನ್ನುವುದು ಅನ್ಯಾಯ. ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ.

ಯಕ್ಷಗಾನದ ಚಿತ್ರಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ತೆಂಕುತಿಟ್ಟಿನ ಧೀಂಗಿಣವನ್ನು (ಹಾರಿ ಸುತ್ತುವ ಕುಣಿತವನ್ನು) ಗಾಳಿಯಲ್ಲಿ ನಿಲ್ಲಿಸಲು 1/320 ಸೆಕೆಂಡಾದರೂ ಬೇಕು. ರಾತ್ರಿಯ ರಂಗಸ್ಥಳದಲ್ಲಿ ಅಷ್ಟು ವೇಗಕ್ಕೆ ಲೆನ್ಸಿನ ಕಿಂಡಿಯನ್ನು ಎಫ್ 2.8ಕ್ಕೆ ಅಗಲವಾಗಿ ತೆರೆದಿಟ್ಟರೂ, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯಾದ ಐಎಸ್‌ಒ 3200ರ ಆಸುಪಾಸಿಗೆ ಹೋಗುತ್ತದೆ, ಕಾಳುಕಾಳು ಬಂದೇ ಬರುತ್ತದೆ. ಹಾಗಾಗಿ ಅಂಥ ಚಿತ್ರದಲ್ಲಿ "ನಾಯ್ಸ್ ಇದೆ" ಎಂದು ದೂರುವವರು ಪರ್ಯಾಯವನ್ನೂ ಹೇಳಬೇಕು. ಐಎಸ್‌ಒ ಇಳಿಸಿದರೆ ಶಟರ್ ನಿಧಾನವಾಗಿ ಕುಣಿತ ಕದಡುತ್ತದೆ. ಕಾಳು ಇರುವ ಚೊಕ್ಕ ಚಿತ್ರ, ಕಾಳಿಲ್ಲದ ಕದಡಿದ ಚಿತ್ರ ಇವೆರಡರಲ್ಲಿ ನಾನು ಯಾವಾಗಲೂ ಮೊದಲನೆಯದನ್ನೇ ಆರಿಸುತ್ತೇನೆ. ಕೆಲವರು ಬೇಕೆಂದೇ 1/30ರಲ್ಲಿ ತೆಗೆದು ಸುತ್ತುವ ವೇಷವನ್ನು ಬಣ್ಣದ ಸುಳಿಯಾಗಿಸುತ್ತಾರೆ. ಅದು ತಪ್ಪೋ ಉದ್ದೇಶವೋ ಎಂದು ಕೇಳದೆ ತೀರ್ಪು ಕೊಡಬಾರದು. ಉದ್ದೇಶವಾಗಿದ್ದರೆ ಕೇಳಬೇಕಾದ ಪ್ರಶ್ನೆ, ಸುಳಿಯ ನಡುವೆ ಒಂದಾದರೂ ಭಾಗ, ಮುಖವೋ ಕಿರೀಟವೋ, ಗುರುತಿಗೆ ಸಿಗುತ್ತದೆಯೇ ಎಂಬುದು.

ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳು ಬಂದಿದ್ದರೆ ಕ್ಯಾಮೆರಾ ಹಾಳಾಗಿಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಇಲೆಕ್ಟ್ರಾನಿಕ್ ಶಟರ್ ಸಾಲುಸಾಲಾಗಿ ಓದುವುದರಿಂದ ಕೆಲವು ಸಾಲಿಗೆ ಬೆಳಕು ಸಿಗುತ್ತದೆ, ಕೆಲವಕ್ಕೆ ಸಿಗುವುದಿಲ್ಲ. ಶಟರನ್ನು 1/100 ಅಥವಾ 1/50ಕ್ಕೆ ಇಟ್ಟರೆ ಪಟ್ಟಿ ಹೋಗುತ್ತದೆ. ವೇಗ ಬೇಕೇ ಬೇಕೆಂದರೆ ಮೆಕ್ಯಾನಿಕಲ್ ಶಟರ್ ಬಳಸಿ, ಫ್ಲಿಕರ್ ತಡೆಯುವ ಸೌಲಭ್ಯವಿದ್ದರೆ ಅದನ್ನು ಹಾಕಿಕೊಳ್ಳಲು ಹೇಳಿ. ಮೊಬೈಲಿನ ಪೋರ್ಟ್ರೇಟ್ ಮೋಡ್‌ನಲ್ಲಿ ತೆಗೆದ ವೇಷದ ಚಿತ್ರ ಬಂದರೆ ಕಿರೀಟದ ಅಂಚನ್ನು ನೋಡಿ. ಹಿನ್ನೆಲೆಯನ್ನು ಮಂಕು ಮಾಡುವ ಲೆಕ್ಕಾಚಾರದಲ್ಲಿ ತೆಳುವಾದ ಅಂಚುಗಳು ಕತ್ತರಿಸಿ ಹೋಗಿರುತ್ತವೆ.

ಕೆಂಪು ಬಣ್ಣ ಇನ್ನೊಂದು ತಲೆನೋವು, ಯಕ್ಷಗಾನದಲ್ಲೂ ತೆಯ್ಯಂನಲ್ಲೂ. ಕೆಂಪು ಉಡುಗೆ, ಕೆಂಪು ಮುಖ, ಮೇಲೆ ಸೂಟೆಯ (ತೆಂಗಿನ ಗರಿಯ ಪಂಜಿನ) ಬೆಳಕು. ಕ್ಯಾಮೆರಾದ ಬಿಳಿ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ) ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಅದರ ಲೆಕ್ಕದಲ್ಲಿ ಹಸಿರಿಗೆ ಹೆಚ್ಚು ತೂಕ. ಆದರೆ ಕೆಂಪು ಮಾತ್ರ ಆಗಲೇ ತುಂಬಿ ಹೊರಚೆಲ್ಲಿರುತ್ತದೆ, ಮುಖದ ಬರವಣಿಗೆಯ ಸೂಕ್ಷ್ಮ ಗೆರೆಗಳು ಒಂದೇ ಕೆಂಪು ಮುದ್ದೆಯಾಗುತ್ತವೆ. "ಬಣ್ಣ ಜಾಸ್ತಿ ಆಯಿತು" ಎನ್ನುವ ಬದಲು "ಮೂರು ಬಣ್ಣದ ಹಿಸ್ಟೋಗ್ರಾಂ ಹಾಕಿ ಕೆಂಪನ್ನು ನೋಡು, ಬೆಳಕನ್ನು ಒಂದು ಸ್ಟಾಪ್, ಎಂದರೆ ಅರ್ಧದಷ್ಟು, ಕಮ್ಮಿ ಮಾಡು, ಕ್ಯಾಮೆರಾ ತಿದ್ದದ ರಾ ಫೈಲಿನಲ್ಲಿ ತೆಗೆ" ಎಂದರೆ ಮುಂದಿನ ಕಳಿಯಾಟದಲ್ಲಿ (ತೆಯ್ಯಂ ಉತ್ಸವದಲ್ಲಿ) ಅವನು ಅದನ್ನು ಮಾಡಬಲ್ಲ.

ತೆಯ್ಯಂ, ಭೂತಕೋಲಗಳ ಚಿತ್ರವಾದರೆ ಅದನ್ನು ತೆಗೆದ ರೀತಿಯನ್ನೂ ಕೇಳಿ. ಅಲ್ಲಿ ಫೋಟೊಗೆ ಅನುಮತಿ ಇತ್ತೇ? ಫ್ಲ್ಯಾಶ್ ಹಾಕಿದ್ದೀರಾ? ಭಕ್ತರು ಅರಿಕೆ ಮಾಡಿಕೊಳ್ಳುವಾಗ ನಡುವೆ ನುಗ್ಗಿದಿರಾ? ಎಷ್ಟೇ ಒಳ್ಳೆಯ ಚಿತ್ರವಾದರೂ ಈ ಪ್ರಶ್ನೆಗಳಿಂದ ಅದಕ್ಕೆ ವಿನಾಯಿತಿ ಇಲ್ಲ. ಮಾತು ಚಿತ್ರದ ಬಗ್ಗೆ ಇರಲಿ. ಕೋಲ ಕಟ್ಟಿದವರ ಬಗ್ಗೆ, ಅವರ ಅಣಿಯ (ಬೆನ್ನಿಗೆ ಕಟ್ಟುವ ಅಲಂಕಾರದ) ಬಗ್ಗೆ ಬೇಡ.

ಬೇಕಲದ ಚಿತ್ರಗಳಲ್ಲಿ ತಪ್ಪು ಮದ್ದು ಹೇಳುವವರೇ ಹೆಚ್ಚು. ಸಂಜೆ ಕೋಟೆಯ ಒಳಗಿನಿಂದ ಕಡಲಿನತ್ತ ತೆಗೆದ ಚಿತ್ರದಲ್ಲಿ ಗೋಡೆ ಕಪ್ಪಾಗಿರುತ್ತದೆ. "ಬ್ರೈಟ್ ಮಾಡಿ" ಎಂಬ ಸಲಹೆ ಬರುತ್ತದೆ. ಮಾಡಿದರೆ ಆಕಾಶ ಬೆಳ್ಳಗಾಗುತ್ತದೆ, ನೆರಳಿನಲ್ಲಿ ಕಾಳು ಏಳುತ್ತದೆ. ನಮ್ಮ ಕಡಲು ಪಡುವಣದಲ್ಲಿ, ಸಂಜೆಯ ಸೂರ್ಯ ಎದುರಿಗೇ ಇರುತ್ತಾನೆ. ಆ ಗೋಡೆಗೆ ಬೆಳಕು ಬೇಕಿದ್ದರೆ ಬೆಳಿಗ್ಗೆ ಬರಬೇಕು. ಇಲ್ಲವೇ ಸಂಜೆ ಕಿನಾರೆಗೆ ಇಳಿದು ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಬೇಕು, ಕೋಟೆಯ ಮುರಕಲ್ಲು (ಕೆಂಪುಕಲ್ಲು) ಆಗ ಕೆಂಡದಂತೆ ಹೊಳೆಯುತ್ತದೆ. ಅಲ್ಲೇ ನಿಲ್ಲುವುದಾದರೆ ಕಪ್ಪು ಆಕೃತಿಯನ್ನೇ ಒಪ್ಪಿಕೊಂಡು ಬುರುಜಿನ ಹೊರರೇಖೆ ಚೆನ್ನಾಗಿ ಬರುವ ಜಾಗ ಹುಡುಕಬೇಕು.

ಇನ್ನು ಕೂಟ ನಡೆಸುವ ಕ್ರಮ. ಹನ್ನೊಂದು ಜನ, ಒಬ್ಬರಿಗೆ ಒಂದೇ ಚಿತ್ರ, ಒಂದಕ್ಕೆ ಆರು ನಿಮಿಷ. ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಒಬ್ಬರು ಹತ್ತು ಚಿತ್ರ ತಂದರೆ ಯಾವುದರ ಮೇಲೂ ಗಮನ ನಿಲ್ಲುವುದಿಲ್ಲ. ಮೊಬೈಲನ್ನು ಕೈಯಿಂದ ಕೈಗೆ ದಾಟಿಸಬೇಡಿ, ಪ್ರತಿ ಪರದೆಯ ಹೊಳಪು ಬೇರೆ, ಕಿಟಕಿಯ ಪ್ರತಿಬಿಂಬ ಬೇರೆ. ಸ್ಟುಡಿಯೋದಲ್ಲಿ 4×6 ಪ್ರಿಂಟ್ ಹಾಕಿಸಿ, ಹಿಂದೆ ಹೆಸರಿನ ಬದಲು ನಂಬರ್ ಬರೆದು ಮೇಜಿನ ಮೇಲೆ ಹರಡಿ. ಸಾಧ್ಯವಾದರೆ ಆರಿಸಿದ ಚಿತ್ರದ ಹಿಂದಿನ ಮತ್ತು ಮುಂದಿನ ಒಂದೊಂದು ಕ್ಲಿಕ್ಕನ್ನೂ ತರಿಸಿ. ತೆಗೆದವರು ಮೂರರಲ್ಲಿ ಯಾವುದನ್ನು ಯಾಕೆ ಆರಿಸಿದರು ಎಂಬುದರಿಂದ ಒಂದು ಚಿತ್ರ ಹೇಳದ ಎಷ್ಟೋ ಸಂಗತಿ ತಿಳಿಯುತ್ತದೆ. ಹಲವು ಸಲ ಬಿಟ್ಟದ್ದೇ ಆರಿಸಿದ್ದಕ್ಕಿಂತ ಚೆನ್ನಾಗಿರುತ್ತದೆ.

ಮೊದಲ ಅರ್ಧ ನಿಮಿಷ ಯಾರೂ ಮಾತಾಡಬಾರದು. ಆಮೇಲೆ ಇಬ್ಬರು ಕಂಡದ್ದನ್ನಷ್ಟೇ ಹೇಳಲಿ: ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎಲ್ಲಿಗೆ, ಎಲ್ಲಿ ಹೊರಗೆ ಹೋಯಿತು. ಒಳ್ಳೆಯದು ಕೆಟ್ಟದ್ದು ಇನ್ನೂ ಬೇಡ. ಅಪ್ಪನ ಚಿತ್ರದಲ್ಲಿ ಕಣ್ಣು ಕೈಗೆ ಹೋಗುವ ಮೊದಲು ಬಿಳಿ ಬೈರಾಸಿಗೆ ಹೋಗುತ್ತದೆ ಎಂದು ಒಬ್ಬರು ಹೇಳಿದ್ದರೆ ಸಾಕಿತ್ತು, ಉಳಿದದ್ದು ಆ ಹುಡುಗನಿಗೇ ಹೊಳೆಯುತ್ತಿತ್ತು. ಆ ಬಳಿಕ ತೆಗೆದವರು ತಮ್ಮ ಉದ್ದೇಶವನ್ನು ಒಂದೆರಡು ವಾಕ್ಯದಲ್ಲಿ ತಿಳಿಸಲಿ. ಇದನ್ನು ಮೊದಲೇ ಹೇಳಿದರೆ ಎಲ್ಲರೂ ಅದನ್ನೇ ಕಾಣಲು ಶುರು ಮಾಡುತ್ತಾರೆ. ಕೊನೆಯ ಮೂರು ನಿಮಿಷ ಒಂದು ಗುಣ, ಒಂದು ಬದಲಾವಣೆ.

ಮಾತಾಡುವ ಸರದಿ ಕಿರಿಯರಿಂದ ಶುರುವಾಗಲಿ. ಮಾಷ್ಟ್ರು ಮೊದಲು "ಇದು ಸರಿಯಿಲ್ಲ" ಎಂದರೆ ಅವರ ಶಿಷ್ಯನಾಗಿದ್ದವನು "ನನಗೆ ಸರಿ ಕಂಡಿತು" ಎನ್ನಲಾರ. ಹಿರಿಯರು ಕೊನೆಗೆ ಮಾತಾಡುವುದರಿಂದ ಅವರ ಗೌರವಕ್ಕೆ ಕುಂದಿಲ್ಲ, ಎಲ್ಲರ ಮಾತನ್ನೂ ಕೇಳಿ ಹೇಳಿದ್ದೆಂಬ ತೂಕ ಬರುತ್ತದೆ. ಮುಖ್ಯ ವಸ್ತು ಚೌಕಟ್ಟಿನ ಮೂರನೆಯ ಒಂದರ ಗೆರೆಯಲ್ಲೇ ಇರಬೇಕೆಂಬ ನಿಯಮವನ್ನು ಶಾಸನದಂತೆ ಓದುವವರನ್ನು, ಕ್ಯಾಮೆರಾದ ಬೆಲೆಯ ಮಾತೆತ್ತುವವರನ್ನು ಮೆಲ್ಲಗೆ ಚಿತ್ರಕ್ಕೆ ಕರೆತನ್ನಿ. "ನಾನಾಗಿದ್ದರೆ ಹೀಗೆ ತೆಗೆಯುತ್ತಿದ್ದೆ" ಎಂಬ ಮಾತು ಬಹಳ ಸಲ ತೆಗೆದವರ ಚಿತ್ರವನ್ನು ಅಳಿಸಿ ತನ್ನದನ್ನು ಬರೆಯುವ ಪ್ರಯತ್ನ.

ಹೊಗಳಿಕೆಯ ನಡುವೆ ತೆಗಳಿಕೆ ಇಟ್ಟು ಹೇಳಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನನಗೆ ಅದು ಹಿಡಿಸುವುದಿಲ್ಲ. ಎರಡನೇ ಸಲಕ್ಕೇ ಜನರಿಗೆ ಗೊತ್ತಾಗಿ, ಹೊಗಳಲು ಬಾಯಿ ತೆರೆದಾಗಲೇ ಪೆಟ್ಟಿಗೆ ಕಾಯುತ್ತಾರೆ. ದೋಷವನ್ನು ಹೇಳುವಷ್ಟೇ ಖಚಿತವಾಗಿ ಗುಣವನ್ನೂ ಹೇಳಿ. ಗುಣ ಕಾಣದಿದ್ದರೆ ಇನ್ನಷ್ಟು ಹೊತ್ತು ನೋಡಿ.

ಕೇಳಿಸಿಕೊಳ್ಳುವವರಿಗೆ: ಆ ಆರು ನಿಮಿಷದಲ್ಲಿ ಸಮರ್ಥನೆ ಬೇಡ. ಇದು ತಾಳಮದ್ದಳೆಯಲ್ಲ, ಪ್ರತಿ ಮಾತಿಗೂ ಎದುರು ಅರ್ಥ ಹೇಳಬೇಕಾಗಿಲ್ಲ. "ಹಿಂದೆ ಜಾಗ ಇರಲಿಲ್ಲ", "ಮಳೆ ಬಂತು" ಎಂಬುದು ನಿಜವೇ ಇರಬಹುದು, ನೋಡುವವರ ಕಣ್ಣಿಗೆ ಅದು ಕಾಣುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಪುಸ್ತಕದಲ್ಲಿ ಬರೆದುಕೊಳ್ಳಿ, ಅರ್ಥವಾಗದಿದ್ದರೆ "ಎಲ್ಲಿ, ತೋರಿಸಿ" ಎಂದು ಬೆರಳಿಡಿಸಿ. ಎರಡು ದಿನ ಬಿಟ್ಟು ಓದಿ. ಹನ್ನೊಂದರಲ್ಲಿ ಮೂರು ಜನ ಒಂದೇ ಜಾಗದಲ್ಲಿ ತೊಡರಿದ್ದರೆ ತೊಡಕು ಚಿತ್ರದಲ್ಲೇ ಇದೆ, ಅವರು ಹೇಳಿದ ಪರಿಹಾರ ತಪ್ಪಿದ್ದರೂ ಸಹ. ಒಬ್ಬರೇ ಹೇಳಿದ್ದರೆ ಅದು ಅವರ ರುಚಿಯಿರಬಹುದು. ಸಂಶಯವಿದ್ದರೆ ಎರಡು ರೂಪ ಪ್ರಿಂಟ್ ಹಾಕಿಸಿ, ಈ ಚರ್ಚೆ ಗೊತ್ತಿಲ್ಲದ ಮನೆಯವರಿಗೆ ತೋರಿಸಿ. ಮೂಲ ಫೈಲನ್ನು ಮಾತ್ರ ಮುಟ್ಟದೆ ಇಟ್ಟುಕೊಳ್ಳಿ.

ಕೇಳುವ ಪ್ರಶ್ನೆಯೂ ಖಚಿತವಾಗಿರಲಿ. "ಹೇಗಿದೆ?" ಎಂದರೆ "ಲಾಯ್ಕ ಉಂಟು" ಎಂಬ ಉತ್ತರವೇ ಬರುತ್ತದೆ. "ಬಲಗಡೆಯ ಬಾವಿಕಟ್ಟೆ ಇರಬೇಕೋ ಬೇಡವೋ?" ಎಂದು ಕೇಳಿ ನೋಡಿ.

ಸ್ಪರ್ಧೆಗೆ ಕಳಿಸುವ ಚಿತ್ರವಾದರೆ ಮೊದಲೇ ತಿಳಿಸಿ. ಫಿಯಾಪ್, ಪಿಎಸ್‌ಎ, ಆರ್‌ಪಿಎಸ್ ಎಂಬ ಫೋಟೊ ಸಂಸ್ಥೆಗಳು ಒಪ್ಪಿದ ಪ್ರಕೃತಿ ವಿಭಾಗದ ವ್ಯಾಖ್ಯೆಯಲ್ಲಿ ಕ್ರಾಪ್ ಬಿಟ್ಟರೆ ಚಿತ್ರದಿಂದ ಏನನ್ನೂ ತೆಗೆಯುವಂತಿಲ್ಲ, ಸೇರಿಸುವಂತಿಲ್ಲ. ರಾಣಿಪುರಂ ಬೆಟ್ಟದಲ್ಲಿ ತೆಗೆದ ಹಕ್ಕಿಯ ಮುಂದಿನ ಕೊಂಬೆಯನ್ನು ಅಳಿಸಿ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು ಆ ಚಿತ್ರವನ್ನು ಸ್ಪರ್ಧೆಯಿಂದ ಹೊರಹಾಕಿಸುತ್ತದೆ. ಸ್ಪರ್ಧೆಯ ಅಂಕಗಳಿಂದ ಕಲಿಯಲಿಕ್ಕೂ ಹೆಚ್ಚೇನಿಲ್ಲ. ಅಂಕ ಸಿಗುತ್ತದೆ, ಕಾರಣ ಸಿಗುವುದಿಲ್ಲ.

ಆ ಹುಡುಗನನ್ನು ಫೋನಿನಲ್ಲಿ ಕರೆಯಬೇಡಿ, ಒಬ್ಬರೇ ಅವನ ಮನೆಗೆ ಹೋಗಿ. ಅವನ ಚಿತ್ರದ ಪ್ರಿಂಟೊಂದನ್ನು ಕೊಂಡುಹೋಗಿ, ಗಾಳಿಯಲ್ಲಿ ನಿಂತ ಆ ಐದಾರು ಅಡಿಕೆಯ ಮೇಲೆ ಬೆರಳಿಟ್ಟು ಅದು ಹೇಗೆ ಸಿಕ್ಕಿತೆಂದು ಕೇಳಿ. ಆಮೇಲೆ ಬೆಳಕಿನ ಮಾತು. ಚಾಲಿಗೆ (ಸಿಪ್ಪೆ ಸಮೇತ ಬಿಸಿಲಲ್ಲಿ ಒಣಗಿಸುವ ಅಡಿಕೆಗೆ) ಒಣಗಲು ಸುಮಾರು ಒಂದೂವರೆ ತಿಂಗಳು ಬೇಕು, ಅಂಗಳದಲ್ಲಿ ಅದು ಇನ್ನೂ ಇರುವಾಗಲೇ ಹೋದರೆ ಸಂಜೆ ನಾಲ್ಕೂವರೆಗೆ ಇಬ್ಬರೂ ಅಲ್ಲೇ ಕೂತು ಇನ್ನೊಮ್ಮೆ ತೆಗೆಯಬಹುದು.